ಆನ್‌ಲೈನ್ ಕ್ಲಾಸ್‌ನಲ್ಲಿ ಹುಡುಗರು ಬಾಯಿ ಬಿಡುತ್ತಿಲ್ಲ, ಏನು ಮಾಡಲಿ?

ಬೆಟಗೇರಿ ಮೇಡಮ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಗದಗಿನಲ್ಲಿ ಕಾಮರ್ಸ್ ಕಲಿಸುವ ಅತಿಥಿ ಉಪನ್ಯಾಸಕಿ. ಹಗಲು ಕಾಲೇಜು. ರಾತ್ರಿ 8ರಿಂದ 9ರವರೆಗೆ ಒಂದು ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತೇನೆ. ವಿಷಯ ಸಹಕಾರ ಸಂಘಗಳು ಮತ್ತು ಹಳ್ಳಿಯ ಹಣಕಾಸು. 12 ವಾರದ ಕೋರ್ಸ್, 46 ವಿದ್ಯಾರ್ಥಿಗಳು. ರೋಣ, ಮುಂಡರಗಿ, ಶಿರಹಟ್ಟಿ ಕಡೆಯವರು ಜಾಸ್ತಿ, ಒಂದಿಷ್ಟು ಮಂದಿ ಹಾವೇರಿ ಜಿಲ್ಲೆಯವರು. ಈಗ ನಾಲ್ಕನೇ ವಾರ.

ರಾತ್ರಿ 8 ಯಾಕೆ ಅಂದರೆ, ಎಷ್ಟೋ ಮನೆಯಲ್ಲಿ ಇರುವುದು ಒಂದೇ ಸ್ಮಾರ್ಟ್ ಫೋನ್. ಅದು ಅಪ್ಪನ ಜೊತೆ ಹೊಲದಿಂದ ವಾಪಸ್ ಬರಬೇಕು. ಮೇಲಾಗಿ ಇದು ಮೆಣಸಿನಕಾಯಿ ಬಿಡಿಸುವ ಕಾಲ. ಹುಡುಗಿಯರು ಹಗಲೆಲ್ಲ ಕೂಲಿಗೆ ಹೋಗಿ ಬಂದು ಕೂತಿರುತ್ತಾರೆ.

ನನ್ನ ತೊಂದರೆ ಹೇಳುತ್ತೇನೆ. ಪಾಠ ಮಾಡುವಾಗ 46 ಕರಿ ಚೌಕಗಳ ಮುಂದೆ ಮಾತಾಡುತ್ತೇನೆ. ಕ್ಯಾಮೆರಾ ಬಂದ್, ಮೈಕ್ ಬಂದ್. 'ಅರ್ಥ ಆಯ್ತಾ?' ಅಂದರೆ ಚಾಟ್‌ನಲ್ಲಿ ಸಾಲಾಗಿ 'ಯೆಸ್ ಮೇಡಮ್' ಬೀಳುತ್ತದೆ. ಮೊನ್ನೆ ನಮ್ಮನೆಯಲ್ಲಿ ಕರೆಂಟ್ ಹೋಗಿ ಏಳೆಂಟು ನಿಮಿಷ ನಾನೇ ಕ್ಲಾಸ್‌ನಲ್ಲಿ ಇರಲಿಲ್ಲ. ಫೋನ್ ಡೇಟಾ ಹಾಕಿಕೊಂಡು ಓಡಿ ಬಂದು, 'ಸಾರಿ, ಇಲ್ಲಿವರೆಗೆ ಹೇಳಿದ್ದು ಅರ್ಥ ಆಯ್ತಾ?' ಅಂತ ಅಭ್ಯಾಸಬಲದಿಂದ ಕೇಳಿಬಿಟ್ಟೆ. 'ಯೆಸ್ ಮೇಡಮ್' ಅಂತ ಬಂತು. ಹನ್ನೆರಡು ಮಂದಿ.

ಸರಿ, ಬಾಯಿಂದ ಬರದಿದ್ದರೆ ಬರೆದಾದರೂ ಚರ್ಚೆ ಮಾಡಲಿ ಅಂತ ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಒಂದು ಪ್ರಶ್ನೆ ಹಾಕಿದೆ. 'ಗ್ರಾಮೀಣ ಅಭಿವೃದ್ಧಿಯಲ್ಲಿ ಸಹಕಾರ ಸಂಘಗಳ ಮಹತ್ವವನ್ನು ಚರ್ಚಿಸಿ.' ಬರೆದರೆ 5 ಅಂಕ. ಜೊತೆಗೆ ಇಬ್ಬರು ಗೆಳೆಯರ ಉತ್ತರಕ್ಕೆ ಪ್ರತಿಕ್ರಿಯೆ ಬರೆಯಬೇಕು ಅಂತ ಷರತ್ತು. 31 ಉತ್ತರ ಬಂದವು. ಅದರಲ್ಲಿ 19 ಶುರುವಾಗಿದ್ದೇ 'ಸಹಕಾರವು ಗ್ರಾಮೀಣ ಭಾರತದ ಬೆನ್ನೆಲುಬಾಗಿದೆ' ಅಂತ. ಒಬ್ಬನಂತೂ ಚಾಟ್‌ಜಿಪಿಟಿ ಕೊಟ್ಟ ಮೇಲಿನ ಸಾಲು ಅಳಿಸುವುದನ್ನೂ ಮರೆತಿದ್ದ: 'ಖಂಡಿತ! ನೀವು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ.' ಪ್ರತಿಕ್ರಿಯೆಗಳೆಲ್ಲ 'ಚೆನ್ನಾಗಿ ಬರೆದಿದ್ದೀರಿ', 'ನಾನೂ ಒಪ್ಪುತ್ತೇನೆ'. ಒಬ್ಬ ಹುಡುಗ ತನ್ನ ಉತ್ತರಕ್ಕೆ ತಾನೇ 'ಚೆನ್ನಾಗಿ ಬರೆದಿದ್ದೀರಿ' ಅಂತ ಹಾಕಿಕೊಂಡಿದ್ದಾನೆ. ಇಬ್ಬರ ಲೆಕ್ಕ ಮುಟ್ಟಿಸಬೇಕಿತ್ತಲ್ಲ.

ಇವರೇನು ಮಾತು ಬಾರದವರಲ್ಲ. ಇವರಲ್ಲಿ ನಾಲ್ಕೈದು ಹುಡುಗರು ಸಂಜೆ ಮುಳಗುಂದ ನಾಕಾ ಹತ್ತಿರ ಗಿರ್ಮಿಟ್ ತಿನ್ನುತ್ತ ನಿಂತಿದ್ದನ್ನು ನಾನೇ ನೋಡಿದ್ದೇನೆ. ಎಲೆಕ್ಷನ್ನು, ಕ್ರಿಕೆಟ್ಟು, ಈರುಳ್ಳಿ ರೇಟು, ಒಬ್ಬರ ಬಾಯಿ ಇನ್ನೊಬ್ಬರು ಮುಚ್ಚಿಸಲಿಕ್ಕೆ ಆಗುವುದಿಲ್ಲ. ಕ್ಲಾಸಿಗೆ ಬಂದರೆ ಮಾತ್ರ ಹೀಗೆ.

ಕ್ಯಾಮೆರಾ ಕಡ್ಡಾಯ ಮಾಡಲಾ? ಅಂಕ 5ರಿಂದ 10ಕ್ಕೆ ಏರಿಸಲಾ? ಆನ್‌ಲೈನ್‌ನಲ್ಲಿ ನಿಜವಾಗಿ ಚರ್ಚೆ ನಡೆಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. 'ವಿದ್ಯಾರ್ಥಿಗಳನ್ನು ಪ್ರೇರೇಪಿಸಿ' ಅನ್ನುವ ಸಲಹೆ ಬೇಡ, ಅದನ್ನು ಟ್ರೇನಿಂಗ್‌ನಲ್ಲಿ ಕೇಳಿ ಸಾಕಾಗಿದೆ.


ಸಪ್ತಾಪುರ ಸರ್ (ಉತ್ತರ)

ಮೇಡಮ್, ಧಾರವಾಡದಿಂದ ಬರೆಯುತ್ತಿದ್ದೇನೆ. ಇಲ್ಲಿ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೋಚಿಂಗ್ ಕೊಡುವ ನೂರು ಬೋರ್ಡುಗಳ ನಡುವೆ ನನ್ನದೂ ಒಂದು ಸಣ್ಣ ಬೋರ್ಡು. 2020ರ ಲಾಕ್‌ಡೌನ್‌ನಲ್ಲಿ ಹುಡುಗರೆಲ್ಲ ರೂಮ್ ಖಾಲಿ ಮಾಡಿ ಊರಿಗೆ ಹೋದರು. ಆಗ ಹೊಟ್ಟೆಪಾಡಿಗೆ ಆನ್‌ಲೈನ್ ಕಲಿತವನು ನಾನು. ನೀವು ಬರೆದ ಒಂದೊಂದು ತಪ್ಪನ್ನೂ ನಾನು ಎರಡೆರಡು ಸಲ ಮಾಡಿದ್ದೇನೆ, ಅದಕ್ಕೆ ಸ್ವಲ್ಪ ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ.

'ಅರ್ಥ ಆಯ್ತಾ?' ಅನ್ನುವುದು ಪ್ರಶ್ನೆಯೇ ಅಲ್ಲ. ಊಟದ ಪಂಕ್ತಿಯಲ್ಲಿ 'ಸಾಕಾ?' ಅಂತ ಕೇಳುತ್ತ ಮುಂದೆ ಹೋಗುತ್ತಾರಲ್ಲ, ಆ ಥರ. ಯಾರೂ ತಡೆದು 'ಇನ್ನೊಂದು ಹೋಳಿಗೆ ಹಾಕ್ರಿ' ಅನ್ನುವುದಿಲ್ಲ. ಆ ಮಾತನ್ನೇ ಬಿಟ್ಟುಬಿಡಿ. ನಾನು ಬಿಡಲಿಕ್ಕೆ ಮೂರು ತಿಂಗಳು ತಗೊಂಡೆ.

ಎರಡನೆಯದು, ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು. ಇದು ಹೇಳಿದಷ್ಟು ಸುಲಭ ಅಲ್ಲ. ಅಮೆರಿಕದಲ್ಲಿ ಮೇರಿ ಬಡ್ ರೋ ಅಂತ ಒಬ್ಬರು 1970ರ ಸುಮಾರಿಗೆ ವಿಜ್ಞಾನದ ತರಗತಿಗಳನ್ನು ಟೇಪ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಷ್ಟ್ರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡ್ ಮಾತ್ರ ಅಂತ ಗೊತ್ತಾಯಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಹಿಂದೆ ಕೂತವರೂ ಬಾಯಿ ಬಿಟ್ಟರು. ಅದು ಎದುರುಬದುರು ಕೂತ ಕ್ಲಾಸಿನ ಲೆಕ್ಕ. ಆನ್‌ಲೈನ್‌ನಲ್ಲಿ ನಿಮ್ಮ ದನಿ ಅವರಿಗೆ ಮುಟ್ಟಬೇಕು, ಅವರು ಮೈಕ್ ಗುಂಡಿ ಹುಡುಕಬೇಕು, ಪಕ್ಕದಲ್ಲಿ ತಮ್ಮನಿಗೆ 'ಸುಮ್ನಿರೋ' ಅನ್ನಬೇಕು. ನಾನು ಏನು ಮಾಡುತ್ತೇನೆ ಅಂದರೆ, ಪ್ರಶ್ನೆ ಕೇಳಿ ನನ್ನ ಮೈಕ್ ಬಂದ್ ಮಾಡಿ ಚಹಾ ಕುಡಿಯುತ್ತೇನೆ. ಕಪ್ ಅರ್ಧ ಆಗುವವರೆಗೆ ಮೈಕ್ ಮುಟ್ಟುವುದಿಲ್ಲ. ಮೊದಮೊದಲು 'ಸರ್, ನಿಮ್ಮ ದನಿ ಬರವಲ್ದು' ಅಂತಿದ್ದರು. ಈಗ 'ಸರ್ ಚಹಾ ಹಿಡಿದಾರ, ಯಾರರ ಹೇಳ್ರಪಾ' ಅಂತ ಅವರವರೇ ಅನ್ನುತ್ತಾರೆ.

ಮೂರನೆಯದು ನನ್ನ ನೆಚ್ಚಿನ ಉಪಾಯ. ನಾನು ಇದಕ್ಕೆ ಮಳೆ ಅನ್ನುತ್ತೇನೆ. ಒಂದು ಪ್ರಶ್ನೆ ಕೇಳಿ, ಎಲ್ಲರೂ ಚಾಟ್‌ನಲ್ಲಿ ಉತ್ತರ ಟೈಪ್ ಮಾಡಿ, ಆದರೆ ಕಳಿಸಬೇಡಿ ಅಂತ ಹೇಳುತ್ತೇನೆ. ಎರಡು ನಿಮಿಷ ಬಿಟ್ಟು, 'ಹೂಂ, ಬಿಡ್ರಿ' ಅಂದರೆ ಒಮ್ಮೆಲೇ ಎಲ್ಲ ಸುರಿಯುತ್ತದೆ. ಜಾಣ ಹುಡುಗ ಮೊದಲು ಬರೆದು ಉಳಿದವರು ಅವನದನ್ನೇ ಇಳಿಸಿಕೊಳ್ಳುವ ಆಟ ನಡೆಯುವುದಿಲ್ಲ. ತಪ್ಪು ಬರೆದವನ ಉತ್ತರವೂ ರಾಶಿಯಲ್ಲಿ ಹೋಗಿಬಿಡುತ್ತದೆ, ಅವನಿಗೆ ಅವಮಾನ ಇಲ್ಲ. ಆಮೇಲೆ ನಾನು ಮೂರು ಉತ್ತರ ಆರಿಸಿ, 'ಇದು, ಇದು, ಇದು. ಒಂದಕ್ಕೊಂದು ಕೂಡುವುದಿಲ್ಲ. ಯಾಕೆ?' ಅಂತ ಕೇಳುತ್ತೇನೆ. ಚರ್ಚೆ ಅಲ್ಲಿಂದ ಶುರು. ಯಾರು ಬರೆದದ್ದು ಅಂತ ಹೆಸರು ಓದುವುದಿಲ್ಲ.

ಕ್ಯಾಮೆರಾ ಕಡ್ಡಾಯ ಮಾಡಬೇಡಿ. ಮಾಡಿ ನೋಡಿದೆ. ಮಾರನೇ ದಿನ ಹದಿನಾಲ್ಕು ಜನ ಬರಲೇ ಇಲ್ಲ.

ಇನ್ನು ನಿಮ್ಮ ಆ 'ಮಹತ್ವವನ್ನು ಚರ್ಚಿಸಿ'. ಮೇಡಮ್, ಅದಕ್ಕೆ ಪುಸ್ತಕದಲ್ಲಿ ಉತ್ತರ ಇದೆ, ಗೈಡ್‌ನಲ್ಲಿ ಇದೆ, ಹಳೇ ಪ್ರಶ್ನೆಪತ್ರಿಕೆಯಲ್ಲೂ ಇದೆ. ಉತ್ತರ ಗೊತ್ತಿರುವ ಪ್ರಶ್ನೆಗೆ ಯಾರು ಚರ್ಚೆ ಮಾಡುತ್ತಾರೆ? ಅವರಿಗೆ ಗೊತ್ತಿದ್ದು ನಿಮಗೆ ಗೊತ್ತಿರದ ಏನನ್ನಾದರೂ ಕೇಳಿ ನೋಡಿ.


ವಿದ್ಯಾನಗರ ಸರ್ವರ್ (ಉತ್ತರ)

ಹುಬ್ಬಳ್ಳಿಯಲ್ಲಿ ಒಂದು ಕಾಲೇಜಿನ ಮೂಡಲ್ (ಆನ್‌ಲೈನ್ ಪಾಠ ನಡೆಸುವ ಸಾಫ್ಟ್‌ವೇರ್) ನೋಡಿಕೊಳ್ಳುವವನು ನಾನು. ಪಾಠ ಮಾಡಲು ಬರುವುದಿಲ್ಲ, ಗುಂಡಿ ಯಾವುದು ಅಂತ ಹೇಳಬಲ್ಲೆ.

ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಅಸೈನ್‌ಮೆಂಟ್ ಬದಲು 'ಕ್ವೆಶ್ಚನ್' ಅಂತ ಹಾಕಿ. ಅದರಲ್ಲಿ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಉತ್ತರಿಸಬಹುದು ಅನ್ನುವ ಆಯ್ಕೆ ಇದೆ. ತನ್ನ ಉತ್ತರ ಹಾಕಿದ ಮೇಲೆಯೇ ಉಳಿದವರದು ಕಾಣುತ್ತದೆ. ಮೂಡಲ್‌ನಲ್ಲಾದರೆ ಇದಕ್ಕೆ ಪ್ರಶ್ನೋತ್ತರ ಫೋರಂ ಅಂತ ಬೇರೆ ಬಗೆಯೇ ಇದೆ. ಅಲ್ಲಿ ಬರೆದ ತಕ್ಷಣ ಕೂಡ ಬೇರೆಯವರದು ಕಾಣುವುದಿಲ್ಲ, ತಿದ್ದುವ ಅವಧಿ ಮುಗಿಯಬೇಕು. ಮೊದಲೇ ಇಟ್ಟಿರುವ ಅವಧಿ 30 ನಿಮಿಷ. ಸುಮ್ನೆ ಒಂದು ಚುಕ್ಕಿ ಹಾಕಿ ಬೇರೆಯವರದು ನೋಡಿ ಆಮೇಲೆ ತಿದ್ದುವವರಿಗೆ ಇದೇ ಔಷಧಿ. (ಹುಡುಗರು ಅದನ್ನೂ ದಾಟುತ್ತಾರೆ. ವಾಟ್ಸಾಪ್ ಇದೆಯಲ್ಲ.)

ಇನ್ನೊಂದು. 46 ಜನ ಕೂಡಿದರೆ ಅದು ಸಭೆ. ಸಭೆಯಲ್ಲಿ ಮಾತಾಡುವವರು ಮೂರೇ ಜನ. ಆರಾರು ಮಂದಿಯ ಗುಂಪು ಮಾಡಿ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಬ್ರೇಕೌಟ್ ರೂಮ್ (ಸಣ್ಣ ಗುಂಪಿಗೆ ಬೇರೆ ಕೋಣೆ) ಸಿಗುವುದಿಲ್ಲ. ಝೂಮ್ ಉಚಿತ ಖಾತೆಯಲ್ಲಿ ಸಿಗುತ್ತದೆ, ಆದರೆ 40 ನಿಮಿಷಕ್ಕೆ ಕಡಿದುಹೋಗುತ್ತದೆ. ಗುಂಪಿಗೆ ಕಳಿಸುವ ಮೊದಲು ಮಾಡಬೇಕಾದ ಕೆಲಸ ಒಂದೇ ಸಾಲಿನಲ್ಲಿ ಚಾಟ್‌ಗೆ ಹಾಕಿ. ಇಲ್ಲದಿದ್ದರೆ ಒಳಗೆ ಹೋಗಿ 'ಮೇಡಮ್ ಏನ್ ಮಾಡಂದ್ರು?' ಅನ್ನುವುದರಲ್ಲೇ ಐದು ನಿಮಿಷ ಹೋಗುತ್ತದೆ.

ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ 'ಸ್ವಯಂ'ನ ಕೋರ್ಸ್‌ಗಳಲ್ಲಿ ವಿಡಿಯೊ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚಾ ವೇದಿಕೆ ಅಂತ ನಾಲ್ಕು ಭಾಗ ಇಟ್ಟಿದ್ದಾರೆ. ಅಂದರೆ ಚರ್ಚೆಗೂ ವಿಡಿಯೊದಷ್ಟೇ ಜಾಗ. ನಮ್ಮಲ್ಲಿ ಮೇಷ್ಟ್ರುಗಳು ವಿಡಿಯೊ ಮಾಡಲು ತಿಂಗಳು ತಗೊಂಡು, ಚರ್ಚೆಯ ಪ್ರಶ್ನೆಯನ್ನು ಬಸ್‌ನಲ್ಲಿ ಕೂತು ಟೈಪ್ ಮಾಡುತ್ತಾರೆ. ನಾನು ನೋಡಿದ್ದು ಹೇಳಿದೆ, ಯಾರಿಗೂ ತಾಗಿಸಿದ್ದಲ್ಲ.


ಬ್ಯಾಡಗಿ ಕಡ್ಡಿ (ಉತ್ತರ)

ಮೇಡಮ್, ನಾನು ಕಲಿಸುವವಳಲ್ಲ. ಕರಿ ಚೌಕದ ಒಳಗೆ ಇದ್ದವಳು. ಡಿಗ್ರಿಯ ಒಂದೂವರೆ ವರ್ಷ ಫೋನ್‌ನಲ್ಲೇ ಓದಿದೆ. ಈಗ ಬ್ಯಾಡಗಿಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಳಗಿನಿಂದ ಹೇಗೆ ಕಾಣುತ್ತಿತ್ತು ಅಂತ ಹೇಳಬೇಕು ಅನ್ನಿಸಿತು.

ಮೈಕ್ ಆನ್ ಮಾಡಿದರೆ ಕ್ಲಾಸಿಗೆಲ್ಲ ಕೇಳುವುದು ನಮ್ಮ ದನಿ ಅಲ್ಲ, ನಮ್ಮ ಮನೆ. ಟಿವಿ, ಕುಕ್ಕರ್ ಸೀಟಿ, ಅಜ್ಜಿ ಕೆಮ್ಮು, ಎಮ್ಮೆ. ನಾನು ಒಂದೇ ಒಂದು ಸಲ ಮೈಕ್ ಹಾಕಿ ಉತ್ತರ ಹೇಳಿದೆ. ಇಂಗ್ಲಿಷ್‌ನಲ್ಲಿ ಹೇಳಬೇಕಿತ್ತು. 'ಡಿಮಾಂಡ್ ಈಸ್ ಇನ್‌ಕ್ರೀಸ್ ಸರ್' ಅಂದೆ. ಸರ್ ನಕ್ಕರು. ಕೆಟ್ಟದಾಗಿ ಏನೂ ಅಲ್ಲ, ಸುಮ್ನೆ ನಕ್ಕರು. ಯಾರೋ ಅದನ್ನು ರೆಕಾರ್ಡ್ ಮಾಡಿ ಕ್ಲಾಸ್ ಗ್ರೂಪ್‌ಗೆ ಹಾಕಿದರು, ಹಿಂದೆ ಎಮ್ಮೆ ಕೂಗಿದ್ದು ಸೇರಿಸಿ. ಆಮೇಲೆ ಡಿಗ್ರಿ ಮುಗಿಯುವವರೆಗೆ ನಾನು 'ಯೆಸ್ ಸರ್' ಬಿಟ್ಟು ಬೇರೆ ಟೈಪ್ ಮಾಡಲಿಲ್ಲ. 'ಯೆಸ್ ಸರ್' ಅಂದರೆ ಅರ್ಥ ಆಯಿತು ಅಂತಲ್ಲ ಮೇಡಮ್. ನನ್ನನ್ನು ಬಿಡ್ರಿ ಅಂತ.

ಒಂದು ಪೇಪರ್‌ನಲ್ಲಿ ಮಾತ್ರ ಬೇರೆ ಥರ ಆಯಿತು. ಎಕನಾಮಿಕ್ಸ್ ಮೇಡಮ್ ಒಬ್ಬರು, ಬಯಲುಸೀಮೆ ಕಡೆಯವರಲ್ಲ. ಅವರು ಒಂದು ದಿನ, 'ನನಗೆ ನಿಜವಾಗಲೂ ಗೊತ್ತಿಲ್ಲ, ಬ್ಯಾಡಗಿ ಮೆಣಸಿನಕಾಯಿ ಅಷ್ಟು ಖಾರ ಇಲ್ಲ ಅಂತಾರೆ, ಆದರೂ ಯಾಕೆ ಜಾಸ್ತಿ ರೇಟು? ನಿಮ್ಮ ಮನೆಯಲ್ಲಿ ಕೇಳಿ, ನಿಮ್ಮ ಮಾತಲ್ಲೇ ವಾಯ್ಸ್ ಕಳಿಸಿ, ಎರಡು ನಿಮಿಷ ಮೀರಬಾರದು' ಅಂದರು.

ನಮ್ಮವ್ವ ಇಪ್ಪತ್ತು ವರ್ಷದಿಂದ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಅವಳ ಕೈ ನೋಡಿದರೆ ಗೊತ್ತಾಗುತ್ತದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗಿದರೂ ಉರಿ ಹೋಗುವುದಿಲ್ಲ. ಅವಳನ್ನು ಕೇಳಿದೆ. ಎರಡು ನಿಮಿಷದ ವಾಯ್ಸ್ ಮಾಡಲಿಕ್ಕೆ ಒಂದು ತಾಸು ಕೂತೆವು. ಖಾರಕ್ಕಲ್ಲ, ಬಣ್ಣಕ್ಕೆ ರೇಟು ಅಂದಳು. ಕಡ್ಡಿ ಬೇರೆ, ಡಬ್ಬಿ ಬೇರೆ. ಕಡ್ಡಿ ಉದ್ದಕ್ಕೆ, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದಪ್ಪ. ಬಣ್ಣ ತೆಗೆಯುವ ಫ್ಯಾಕ್ಟರಿಯವರು ಬೇರೆ ಕೊಳ್ಳುತ್ತಾರೆ, ಮಸಾಲೆಯವರು ಬೇರೆ. ಹಸಿ ಇದ್ದರೆ ರೇಟು ಬೀಳುತ್ತದೆ, ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟರೆ ಬಾಡಿಗೆ ತಿನ್ನುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಮಾಲಿಗೆ ಸರ್ಕಾರ ಕೊಡುವ ಗುರುತು) ಬಂತು ಅಂತ ನಾನು ಪುಸ್ತಕದಿಂದ ಸೇರಿಸಿದೆ. ಅವ್ವ, 'ಅದು ಬಂದ ಮ್ಯಾಗ ನಮ್ಮ ಕೂಲಿ ಎಷ್ಟು ಏರಿತು ಅಂತನೂ ಹೇಳು' ಅಂದಳು. ಅದನ್ನೂ ಹೇಳಿದೆ.

ಮೇಡಮ್ ಆ ವಾಯ್ಸ್ ಕ್ಲಾಸ್‌ನಲ್ಲಿ ಹಾಕಿದರು. ಮೊದಲು ನನ್ನನ್ನು ಬೇರೆ ಫೋನ್ ಮಾಡಿ ಕೇಳಿದರು, 'ಹಾಕಲಾ?' ಅಂತ. ಹಾವೇರಿ, ರಾಣೆಬೆನ್ನೂರು, ಸವಣೂರಿನ ಹುಡುಗರು ಒಬ್ಬರಮೇಲೊಬ್ಬರು ಶುರು ಮಾಡಿದರು. ಒಬ್ಬ ರೈತರ ಮಗ, ಕೂಲಿ ಜಾಸ್ತಿ ಆದರೆ ನಮಗೇನು ಉಳಿಯುತ್ತದೆ ಅಂದ. ನಾನು ಲೆಕ್ಕ ಹೇಳಿದೆ. ಅವನೂ ಲೆಕ್ಕ ಹೇಳಿದ. ಬೇಡಿಕೆ, ಪೂರೈಕೆ, ಸಂಗ್ರಹಣಾ ವೆಚ್ಚ ಅಂತ ಆಮೇಲೆ ಮೇಡಮ್ ಒಂದೊಂದಕ್ಕೂ ಹೆಸರಿಟ್ಟರು. ಹೆಸರು ಆಮೇಲೆ ಬಂತು, ಅದಕ್ಕೇ ನೆನಪಿದೆ.

ಡೇಟಾ ವಿಷಯ ಒಂದು. ನಮ್ಮದು ದಿನಕ್ಕೆ 1.5 ಜಿಬಿ ಪ್ಯಾಕ್. ರಾತ್ರಿ 8ಕ್ಕೆ ಎಷ್ಟು ಉಳಿದಿರುತ್ತದೆ ಅನ್ನುವುದು ನನ್ನ ತಮ್ಮ ಹಗಲು ಏನು ನೋಡಿದ ಅನ್ನುವುದರ ಮೇಲೆ. ಕ್ಯಾಮೆರಾ ಯಾಕೆ ಹಾಕಲ್ಲ ಅಂತ ಕೇಳುವ ಮೊದಲು ಇದನ್ನೂ ಕೇಳಿ.


ಬೆಟಗೇರಿ ಮೇಡಮ್

ಮೂವರಿಗೂ ಕೈ ಮುಗಿದೆ. 'ನನ್ನನ್ನು ಬಿಡ್ರಿ ಅಂತ' ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಾನೂ ನಕ್ಕಿದ್ದೇನೆ, ಸುಮ್ನೆ ಅಂತಲೇ.

ಗೊತ್ತಿಲ್ಲದ್ದನ್ನು ಕೇಳಿ ಅಂದಿರಿ. ಒಂದು ಹೊಳೆದಿದೆ. ಮಾಡಿ ನೋಡಿ ಬರೆಯುತ್ತೇನೆ.


ಬೆಟಗೇರಿ ಮೇಡಮ್ (ಮೂರು ವಾರದ ನಂತರ)

ಬರೆಯುತ್ತೇನೆ ಅಂದಿದ್ದೆ, ತಡವಾಯಿತು.

ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳ ಎಲ್ಲರಿಗೂ ಗೊತ್ತು. 1904ರಲ್ಲಿ ಸಹಕಾರ ಕಾಯ್ದೆ ಬಂತು, 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅನ್ನುತ್ತೇವೆ. ನಾನು ಆರು ವರ್ಷದಿಂದ ಇದನ್ನು ಸ್ಲೈಡ್ ಹಾಕಿ ಹೇಳುತ್ತ ಬಂದಿದ್ದೇನೆ. ಹುಡುಗರು ಬರೆದುಕೊಳ್ಳುತ್ತಾರೆ, 1905ಕ್ಕೆ ಎರಡು ಗೆರೆ ಹೊಡೆಯುತ್ತಾರೆ, ಮುಗಿಯಿತು. ಈ ಸಲ ಸ್ಲೈಡ್ ಹಾಕಿ ಕೇಳಿದ್ದು ಇಷ್ಟೇ: 'ಇದು ಆಗಿನ ಮಾತು. ನಿಮ್ಮೂರ ಸೊಸೈಟಿ ಬಾಗಿಲು ವಾರದಲ್ಲಿ ಎಷ್ಟು ದಿನ ತೆರೆದಿರುತ್ತದೆ? ಒಳಗೆ ಯಾರು ಕೂತಿರುತ್ತಾರೆ, ಹೊರಗೆ ಕಟ್ಟೆ ಮೇಲೆ ಯಾರು ಕೂತಿರುತ್ತಾರೆ? ಹೋಗಿ ನೋಡಿ ಬನ್ನಿ.' ಬರೆದರೂ ಸರಿ, ವಾಯ್ಸ್ ಕಳಿಸಿದರೂ ಸರಿ, ಮನೆ ಮಾತಲ್ಲೇ ಇರಲಿ ಅಂದೆ. ಏಳು ಗುಂಪು ಮಾಡಿದೆ, ಒಂದೊಂದರಲ್ಲಿ ಆರೇಳು ಜನ.

ಮೊದಲ ವಾರ ಬಂದಿದ್ದು 9 ಉತ್ತರ. ಮನಸ್ಸು ಸಣ್ಣದಾಯಿತು. ಅದರಲ್ಲೂ ಎರಡು 'ಪ್ರತಿದಿನ ತೆರೆದಿರುತ್ತದೆ, ಉತ್ತಮ ಸೇವೆ ನೀಡುತ್ತಿದೆ' ಅನ್ನುವ ಥರದ್ದು. ಕ್ಲಾಸ್‌ನಲ್ಲಿ ಚಹಾ ಹಿಡಿದು ಕೂತೆ ಸರ್, ನೀವು ಹೇಳಿದ ಹಾಗೆ. ನನ್ನ ಚಹಾ ಪೂರ್ತಿ ಮುಗಿಯಿತು, ಬಸಿ ಕೂಡ ಖಾಲಿ. ಯಾರೂ ಮಾತಾಡಲಿಲ್ಲ. ಇನ್ನೇನು ನಾನೇ ಉತ್ತರ ಹೇಳಬೇಕು ಅನ್ನುವಷ್ಟರಲ್ಲಿ ರೋಣದ ಕಡೆಯ ಒಬ್ಬ ಹುಡುಗ ಮೈಕ್ ಹಾಕಿದ. ಹಿಂದೆ ಗಿರಣಿ ಸದ್ದು.

'ಮೇಡಮ್ಮರ, ನಮ್ಮೂರಾಗ ಸೊಸೈಟಿ ಮಾರ್ಚ್‌ದಾಗ ಅಷ್ಟ ಗದ್ಲ ಇರ್ತೈತ್ರಿ. ಉಳದ ದಿನ ನಾಯಿ ಮಲಗಿರ್ತಾವು.'

ಯಾಕೆ ಮಾರ್ಚ್ ಅಂತ ಕೇಳಿದೆ. ಬೆಳೆಸಾಲ ತಿರುಗಿ ಕಟ್ಟಿ ರಿನ್ಯೂವಲ್ ಮಾಡಿಸಬೇಕಲ್ಲ, ಅದಕ್ಕೆ ಅಂದ. ನಾನು ಪುಸ್ತಕದ ಮಾತು ಹೇಳಿದೆ: ವೇಳೆಗೆ ಕಟ್ಟಿದರೆ ಬಡ್ಡಿ ಇಲ್ಲ, ಶೂನ್ಯ ಬಡ್ಡಿಯ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದಾರೆ. ಅವನು ಸುಮ್ಮನಾದ. ಆಮೇಲೆ ಅಂದ:

'ಬಡ್ಡಿ ಇಲ್ಲ ಖರೆ ರಿ. ಆದ್ರ ವೇಳೆಕ ಕಟ್ಟಾಕ ರೊಕ್ಕ ಎಲ್ಲಿಂದ ತರಬೇಕು? ನಮ್ಮಪ್ಪ ಒಂದು ಲಕ್ಷ ಬ್ಯಾರೆ ಕಡೆ ತಂದು ಕಟ್ಟಿದ. ಎಂಟು ದಿನಕ್ಕ ಎರಡು ಸಾವಿರ ಕೊಟ್ಟ. ಸಾಲ ಕಟ್ಟಾಕ ಸಾಲ. ಅದಕ್ಕ ಬಡ್ಡಿ ಇಲ್ಲ, ಇದಕ್ಕ ಐತಿ.'

ನನಗೆ ಇದು ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅರೆಬರೆ ಕೇಳಿದ್ದೆ. ಆದರೆ ಎಂಟು ದಿನ, ಎರಡು ಸಾವಿರ ಅಂತ ಲೆಕ್ಕ ಇಟ್ಟು ಯಾರೂ ಹೇಳಿರಲಿಲ್ಲ. ವರ್ಷಕ್ಕೆ ಎಷ್ಟು ಪರ್ಸೆಂಟ್ ಬಿತ್ತು ಅಂತ ಎಲ್ಲರೂ ಲೆಕ್ಕ ಹಾಕಿ, ಕಳಿಸಬೇಡಿ ಅಂದೆ. ಮಳೆ ಸುರಿಯಿತು. 2 ಅಂದವರು ಇದ್ದರು, 24 ಅಂದವರು ಇದ್ದರು, 91 ಅಂದವರು ಇದ್ದರು. ಮೂರನ್ನೂ ಓದಿ ಯಾಕೆ ಬೇರೆ ಬೇರೆ ಬಂತು ಅಂದೆ. 2 ಅಂದವರು ಎಂಟು ದಿನವನ್ನೇ ಹಿಡಿದಿದ್ದರು. 24 ಅಂದವರು ತಿಂಗಳಿಗೆ ನೂರಕ್ಕೆ ಎರಡು ಅಂತ ರೂಢಿಯಲ್ಲಿ ಅಂದುಕೊಂಡಿದ್ದರು. 365 ದಿನವನ್ನು ಎಂಟರಿಂದ ಭಾಗಿಸಿ ಎರಡರಿಂದ ಗುಣಿಸಿದ್ದು ಶಿರಹಟ್ಟಿಯ ಒಬ್ಬ ಹುಡುಗಿ. ನಾಲ್ಕು ವಾರದಲ್ಲಿ ಅವಳ ಹೆಸರನ್ನು ನಾನು ಹಾಜರಿಯಲ್ಲಿ ಬಿಟ್ಟು ಬೇರೆಲ್ಲೂ ಓದಿರಲಿಲ್ಲ.

ಅವತ್ತು ಮೀಟ್ 60 ನಿಮಿಷಕ್ಕೆ ತಾನೇ ಬಂದ್ ಆಯಿತು, ಉಚಿತ ಖಾತೆಯಲ್ಲವಾ. ಹುಡುಗರು ಚರ್ಚೆಯನ್ನು ಕ್ಲಾಸ್‌ರೂಮ್‌ಗೆ ಒಯ್ದರು. ಎರಡನೇ ವಾರ 34 ಉತ್ತರ, ಮೂರನೇ ವಾರ 37. ಎರಡು ನಿಮಿಷ ಅಂದರೆ ಒಬ್ಬ ಹನ್ನೊಂದು ನಿಮಿಷದ ವಾಯ್ಸ್ ಕಳಿಸಿದ್ದಾನೆ, ಅವರ ದೊಡ್ಡಪ್ಪನ ದನಿ ಹತ್ತು ನಿಮಿಷ, ಅವನದು ಒಂದು. ಮುಂಡರಗಿ ಕಡೆಯ ಒಬ್ಬಳು ಅವರಮ್ಮನ ಸ್ತ್ರೀಶಕ್ತಿ ಸಂಘದ ಪುಸ್ತಕದ ಫೋಟೊ ಹಾಕಿ, 'ಸೊಸೈಟಿಗಿಂತ ಇದೇ ಚಲೋ ನಡೆದಿದೆ, ಯಾಕಂದರೆ ಇಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತು' ಅಂತ ಬರೆದಳು. ಇನ್ನೊಬ್ಬ, 'ಅದಕ್ಕೇ ಸಾಲ ಮುರಿದವರ ಮರ್ಯಾದೆ ಬೀದಿಗೆ ಬರುತ್ತದೆ' ಅಂತ ಉತ್ತರ ಕೊಟ್ಟ. ನಾನು ನಡುವೆ ಬಾಯಿ ಹಾಕಲಿಲ್ಲ. ಹಾಕಬೇಕು ಅಂತ ಎರಡು ಸಲ ಟೈಪ್ ಮಾಡಿ ಅಳಿಸಿದೆ. ಮೇಡಮ್ ಉತ್ತರ ಬಂತು ಅಂದರೆ ಉಳಿದವರು ಅಂಗಡಿ ಮುಚ್ಚಿಬಿಡುತ್ತಾರೆ ಅಂತ ಈಗ ಗೊತ್ತಾಗಿದೆ.

ಎಡವಟ್ಟೂ ಆಯಿತು, ಅದನ್ನೂ ಹೇಳುತ್ತೇನೆ. ಒಬ್ಬ ಹುಡುಗ ಅವರೂರ ಸೊಸೈಟಿಯಲ್ಲಿ ಗೊಬ್ಬರ ಯಾರಿಗೆ ಮೊದಲು ಸಿಗುತ್ತದೆ ಅಂತ ಹೆಸರು, ಅಡ್ಡಹೆಸರು ಸಮೇತ ಬರೆದ. ಅದೇ ಊರಿನ ಇನ್ನೊಬ್ಬ ಹುಡುಗ ಅದನ್ನು ಸ್ಕ್ರೀನ್‌ಶಾಟ್ ತೆಗೆದು ಊರಿಗೆ ತೋರಿಸಿದ. ಮಾರನೇ ದಿನ ಬೆಳಗ್ಗೆ 7ಕ್ಕೆ ನನಗೆ ಫೋನ್. ಬರೆದ ಹುಡುಗನ ಅಪ್ಪ ಪಾಪ, ಗದಗಕ್ಕೆ ಬಂದು ಕಾಲೇಜಿನ ಗೇಟ್ ಹತ್ತಿರ ನಿಂತಿದ್ದರು. 'ಹುಡುಗ ಬುದ್ಧಿಗೇಡಿ ಅದಾನ್ರಿ, ತೆಗೆದುಬಿಡ್ರಿ' ಅಂತ. ಬುದ್ಧಿಗೇಡಿ ನಾನು. ಊರು, ಹೆಸರು ಬರೆಯಬಾರದು ಅಂತ ಮೊದಲೇ ಹೇಳಬೇಕಿತ್ತು. ಆ ಪೋಸ್ಟ್ ತೆಗೆದೆ, ಕ್ಲಾಸ್‌ನಲ್ಲಿ ತಪ್ಪು ನನ್ನದು ಅಂದೆ. ಈಗ 'ನಮ್ಮೂರು', 'ಒಬ್ಬರು' ಅಷ್ಟೇ. ಒಂದು ಊರಿನವರನ್ನು ಒಂದೇ ಗುಂಪಿನಲ್ಲಿ ಹಾಕುತ್ತಿಲ್ಲ. ಆ ಹುಡುಗ ಆಮೇಲೆ ಬರೆಯಲಿಲ್ಲ. ಅದೊಂದು ಮನಸ್ಸಿಗೆ ಹತ್ತಿದೆ.

ಚಾಟ್‌ಜಿಪಿಟಿ ಕಾಟ ಪೂರ್ತಿ ಹೋಯಿತಾ ಅಂದರೆ ಇಲ್ಲ. ಆದರೆ ಕಟ್ಟೆ ಮೇಲೆ ಯಾರು ಕೂತಿದ್ದರು ಅನ್ನುವುದಕ್ಕೆ ಅದು ಏನು ಹೇಳೀತು? ಒಬ್ಬನ ಉತ್ತರದಲ್ಲಿ 'ವಿವಿಧ ಪಾಲುದಾರರು ಕೂತಿರುತ್ತಾರೆ' ಅಂತ ಬಂದಿತ್ತು. ಹೆಸರು ಹೇಳದೆ ಓದಿದೆ. ಗುಂಪಿನವರೇ ನಕ್ಕು, 'ಪಾಲುದಾರರು ಇಸ್ಪೀಟ್ ಆಡಾಕತ್ತಿದ್ರೇನು?' ಅಂದರು. ಅವನೇ ಮರುದಿನ ಮತ್ತೆ ಬರೆದು ಕಳಿಸಿದ, ಇಸ್ಪೀಟ್ ಸಮೇತ. ಇಲ್ಲಿ ನಾನು ಓದಿದ್ದು ಸರಿಯೋ ತಪ್ಪೋ, ಬ್ಯಾಡಗಿಯವರು ಹೇಳಬೇಕು.

ಇನ್ನೂ 9 ಮಂದಿ ಒಂದು ಅಕ್ಷರ ಬರೆದಿಲ್ಲ. ಕ್ಲಾಸಿಗೆ ಬರುತ್ತಾರೆ, ಕೊನೆವರೆಗೂ ಇರುತ್ತಾರೆ. ಇವರಿಗೆ ಆ 5 ಅಂಕ ಕೊಡಲಾ ಬೇಡವಾ?


ಸಪ್ತಾಪುರ ಸರ್

91ರ ಲೆಕ್ಕ ನಾನು ನಾಳೆಯೇ ನನ್ನ ಕ್ಲಾಸ್‌ನಲ್ಲಿ ಹಾಕುತ್ತೇನೆ, ನಿಮ್ಮ ಅಪ್ಪಣೆ ಇದ್ದರೆ.

ಅಂಕದ ಬಗ್ಗೆ: ಎಷ್ಟು ಸಲ ಬರೆದ ಅಂತ ಎಣಿಸಬೇಡಿ. ಎಣಿಸಿದರೆ ಮತ್ತೆ 'ಚೆನ್ನಾಗಿ ಬರೆದಿದ್ದೀರಿ' ಬರುತ್ತದೆ. ಕೋರ್ಸ್ ಮುಗಿಯುವಾಗ ಎಲ್ಲರಿಗೂ ಒಂದೇ ಕೇಳಿ: ಈ 12 ವಾರದಲ್ಲಿ ಬೇರೆ ಯಾರ ಮಾತಿನಿಂದ ನಿನ್ನ ಅಭಿಪ್ರಾಯ ಬದಲಾಯಿತು, ಯಾವ ಮಾತು? ಅರ್ಧ ಪುಟ. ಸುಮ್ಮನೆ ಕೇಳಿಸಿಕೊಂಡವನೂ ಇದನ್ನು ಬರೆಯಬಲ್ಲ. ಕೇಳಿಸಿಕೊಳ್ಳದೆ ಹತ್ತು ಪೋಸ್ಟ್ ಹಾಕಿದವನಿಗೆ ಕಷ್ಟ.


ಬ್ಯಾಡಗಿ ಕಡ್ಡಿ

ಹೆಸರು ಹೇಳದೆ ಓದಿದ್ದು ಸರಿ ಮೇಡಮ್. ಆದರೆ ಅವನಿಗೆ ಆಮೇಲೆ ಬೇರೆ ಒಂದು ಮೆಸೇಜ್ ಹಾಕಿ, 'ಎರಡನೇದು ಚಲೋ ಬಂದಿದೆ' ಅಂತ. ನಕ್ಕಿದ್ದು ಬಹಳ ದಿನ ಕಿವಿಯಲ್ಲಿ ಇರುತ್ತದೆ.

ಬರೆಯುವುದು ಬಿಟ್ಟ ಆ ಹುಡುಗನಿಗೂ ಒಂದು ಫೋನ್ ಮಾಡಿ. ಅವರಪ್ಪನ ಫೋನ್‌ಗೆ ಬೇಡ.

ಆ 9 ಮಂದಿಯಲ್ಲಿ ನಾನೂ ಒಬ್ಬಳು ಇದ್ದೆ ಅಂದುಕೊಳ್ಳಿ. ಗುಂಪಿನಲ್ಲಿ ಹೆಸರು ಹಿಡಿದು 'ನೀನು ಯಾಕೆ ಬರೆದಿಲ್ಲ' ಅಂತ ಕೇಳಬೇಡಿ. ಒಬ್ಬೊಬ್ಬರಿಗೆ ಬೇರೆ ಬೇರೆ ಮೆಸೇಜ್ ಹಾಕಿ, ಫೋನ್ ಯಾರದು, ಎಷ್ಟು ಹೊತ್ತಿಗೆ ಕೈಗೆ ಸಿಗುತ್ತದೆ ಅಂತ ಕೇಳಿ. ನಮ್ಮನೆಯಲ್ಲಿ ರಾತ್ರಿ 8ಕ್ಕೆ ಅಪ್ಪ ಮಗ್ಗುಲಲ್ಲೇ ಕೂತಿರುತ್ತಿದ್ದ, ಫೋನ್ ಅವನದಲ್ಲವಾ. ಅಪ್ಪ ಕೂತಿರುವಾಗ ಅಪ್ಪನ ಸಾಲದ ಬಗ್ಗೆ ಏನು ಬರೆಯಲಿ?